ಕಾಲಿಂದ ಬಿಚ್ಚಿದ ಕಡಗ

ಹಳೆಯ ಬೆಳ್ಳಿಯ ವಯಸ್ಸು ಹೇಳುವುದನ್ನು ಕಲಿಸಿಕೊಡಿ ಎಂದು ಈಗಲೂ ಒಬ್ಬಿಬ್ಬರು ಮನೆ ಹುಡುಕಿಕೊಂಡು ಬರುತ್ತಾರೆ. ನನ್ನ ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ. ಆದರೂ ಒಂದು ಕಡಗವನ್ನು ಅಂಗೈಯಲ್ಲಿಟ್ಟರೆ ಅದು ಯಾವ ಸೀಮೆಯ ಕೆಲಸ, ಮಗಳ ಕಾಲದ್ದೋ ಮುತ್ತಜ್ಜಿಯ ಕಾಲದ್ದೋ ಎಂದು ಇವತ್ತಿಗೂ ಹೇಳಬಲ್ಲೆ. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ನನ್ನ ಕಾಲದಲ್ಲಿ ಹೊಸೂರು ಪೇಟೆಯಲ್ಲಿ ಈ ವಿದ್ಯೆಯನ್ನು ನನ್ನಷ್ಟು ಬಲ್ಲವನು ಇನ್ನೊಬ್ಬನಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ದುಡಿದು ಕಲಿತದ್ದು.

ಮೊನ್ನೆ ಬಂದವನೊಬ್ಬ ಕೇಳಿದ: "ಇಷ್ಟೆಲ್ಲ ಕಲ್ತಿದ್ರಿಂದ ಯಾರ್ಗಾದ್ರೂ ಒಳ್ಳೇದಾಯ್ತಾ ತಾತ?" ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವನು ಸೋದರಮಾವ. ಕೆಲಮಂಗಲದಲ್ಲಿ ಬೆಳ್ಳಿ ಕೆಲಸ ಮಾಡುತ್ತಿದ್ದ ಆಚಾರಿ. ಸುತ್ತಲ ಒಕ್ಕಲು ಮನೆಗಳಲ್ಲಿ ಯಾರಿಗೆ ಮದುವೆಯಾದರೂ ಕಾಲಿನ ಕಡಗ, ಸೊಂಟದ ಡಾಬು ಅವನ ಕೈಯಿಂದಲೇ ಆಗಬೇಕು. ನಾನು ಸೇರಿದ ಹೊಸದರಲ್ಲಿ ಯಾರೋ ರಿಪೇರಿಗೆ ಕೊಟ್ಟಿದ್ದ ಕಪ್ಪಿಟ್ಟ ತೋಳುಬಂದಿಯೊಂದನ್ನು ಮಾವನಿಗೆ ಖುಷಿಯಾಗಲಿ ಎಂದು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಹೊಳೆಯಿಸಿ ಇಟ್ಟಿದ್ದೆ. ಮಾವ ಬಂದು ನೋಡಿದವನೇ ತಲೆಗೊಂದು ಬಿಟ್ಟ.

"ಲೇ ಕತ್ತೆ, ನೂರು ವರ್ಸಾನ ಉಜ್ಜಿ ಚರಂಡಿಗೆ ಸುರಿದ್ಬುಟ್ಯಲ್ಲೋ! ಇನ್ನು ಇದು ನೆನ್ನೆ ಹುಟ್ಟಿದ್ ಕೂಸು. ನಿಮ್ಮವ್ವ ಯಾರು, ನಿಮ್ಮೂರು ಯಾವುದು ಅಂದ್ರೆ ಏನಂತ ಹೇಳ್ತದೆ?"

ಅವತ್ತು ಕಲಿತೆ. ಒಡವೆಯ ಕೊಳೆ ಬರಿಯ ಕೊಳೆಯಲ್ಲ. ಗೀರಿನೊಳಗೆ ಕೂತ ಕಪ್ಪು, ಅರಿಸಿನದ ಹಳದಿ, ಮೈ ಉಜ್ಜಿ ಸವೆದ ಜಾಗ, ಅದರ ವಯಸ್ಸು ಇರುವುದು ಇವುಗಳಲ್ಲೇ. ಯಾರ ಕೆಲಸ ಎಂಬುದು ಬೆಸುಗೆಯಲ್ಲಿ ತಿಳಿಯುತ್ತದೆ. ಒಬ್ಬೊಬ್ಬ ಆಚಾರಿಯ ಬೆಸುಗೆ ಒಂದೊಂದು ಥರ, ಒಬ್ಬೊಬ್ಬರ ಮುದ್ದೆಯ ರುಚಿ ಬೇರೆಯಾಗಿರುವ ಹಾಗೆ. ಸೇಲಂ ಕಡೆಯವರು ಕಡಗದ ತುದಿಯ ಮೊಗ್ಗನ್ನು ಬೇರೆ ಮಾಡಿ ಅಂಟಿಸುತ್ತಾರೆ. ನಮ್ಮ ಮಾವ ಅದೇ ಬೆಳ್ಳಿಯಿಂದ ಬಡಿದು ಎಬ್ಬಿಸುತ್ತಿದ್ದ. ಕತ್ತಲಲ್ಲಿ ಬೆರಳಾಡಿಸಿದರೂ ನನಗೆ ವ್ಯತ್ಯಾಸ ಗೊತ್ತಾಗುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಹಳ್ಳಿಯ ಕೆಲಸ ಕಮ್ಮಿಯಾಯಿತು. ಮಾವ ಕೆಲಮಂಗಲ ಬಿಡಲಿಲ್ಲ. ನಾನು ಹೊಸೂರಿಗೆ ಬಂದು ಪೇಟೆ ಬೀದಿಯ ಒಂದು ಅಂಗಡಿ ಸೇರಿದೆ. ಯಜಮಾನರು ತಮಿಳು ಮನೆಮಾತಿನವರು, ಎಲ್ಲರೂ ಮುದಲಾಳಿ ಎನ್ನುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದು 'ಆಸಾರಿ' ಎಂದು. ಜನ ಮಾರಲು ತಂದ ಹಳೆಯ ಬೆಳ್ಳಿಯನ್ನು ನೋಡಿ ಇದು ಕರಗಿಸುವುದು, ಇದು ಬೆಂಗಳೂರಿನ ವ್ಯಾಪಾರಿಗಳಿಗೆ ಹಾಗೆಯೇ ಕೊಡುವುದು ಎಂದು ಬೇರೆ ಮಾಡುವುದು ನನ್ನ ಕೆಲಸ. ಆಗ ವಿದೇಶದವರು ಹಳೆಯ ಒಡವೆಗೆ ಆಸೆಪಡುತ್ತಿದ್ದರು.

ಹೊಸಬರು ಬೀಳುವ ಮೊದಲ ಹಳ್ಳವನ್ನು ಇಲ್ಲೇ ಹೇಳಿಬಿಡುತ್ತೇನೆ. ರೂಪಾಯಿ ನಾಣ್ಯ ಪೋಣಿಸಿದ ಸರ ಕೈಗೆ ಬಂದರೆ ನಾಣ್ಯದ ಮೇಲಿನ ಇಸವಿ ಓದಿ ಅಷ್ಟು ಹಳೆಯದು ಎಂದುಬಿಡುತ್ತಾರೆ. ಇಸವಿ ನಾಣ್ಯದ್ದು, ಸರದ್ದಲ್ಲ. ಅಜ್ಜಿ ಮಡಕೆಯಲ್ಲಿ ಇಟ್ಟ ರೂಪಾಯಿಗೆ ಮೊಮ್ಮಗಳು ಕೊಂಡಿ ಹಾಕಿಸಿರಬಹುದು. ಕೊಂಡಿಯನ್ನು ನೋಡಿ, ಕೊಂಡಿ ತಾಗಿ ನಾಣ್ಯ ಎಷ್ಟು ಸವೆದಿದೆ ನೋಡಿ.

ಒಂದು ಸಲ ಬೆಂಗಳೂರಿನ ವ್ಯಾಪಾರಿಯೊಬ್ಬ ಒಂದು ಗಂಟು ಕಡಗ ತಂದು ಸುರಿದ. ಲಂಬಾಣಿಗಳದ್ದು, ತುಂಬಾ ಹಳೆಯದು ಎಂದ. ಗಂಧಕದ ಹೊಗೆ ಕೊಟ್ಟು ಕಪ್ಪು ಮಾಡಿ, ಮೇಲೆಮೇಲೆ ತಿಕ್ಕಿದ್ದರು. ಕಡಗ ಸವೆಯುವುದು ನಡೆಯುವಾಗ ಒಂದಕ್ಕೊಂದು ತಾಗುವ ಒಳಮಗ್ಗುಲಲ್ಲಿ. ಇವು ಸುತ್ತಲೂ ಒಂದೇ ಸಮ ಸವೆದಿದ್ದವು.

"ಇದನ್ನ ಹಾಕ್ಕಂಡೋಳು ನಡೀತಿರ್ಲಿಲ್ಲ ಸಾಮಿ, ಉರುಳ್ತಿದ್ಲು ಅನ್ಸುತ್ತೆ" ಎಂದೆ.

ಮುದಲಾಳಿ ಬಿದ್ದು ಬಿದ್ದು ನಕ್ಕರು. ವ್ಯಾಪಾರಿಯ ಮುಖ ಸಣ್ಣದಾಯಿತು, ಮುದಲಾಳಿ ಕೇಳಿದ ರೇಟಿಗೆ ಬಿಟ್ಟು ಹೋದ. ಸುಳ್ಳು ಮಾಲು ಇನ್ನು ಕರಗಿಸುವುದಕ್ಕೇ ಹೋಗುತ್ತದೆ ಎಂದು ನಾನು ಎದೆ ಉಬ್ಬಿಸಿ ಕೂತಿದ್ದೆ. ಮಾರನೆಯ ವಾರ ಅದೇ ಕಡಗಗಳನ್ನು ಮುದಲಾಳಿ ಇನ್ನೊಬ್ಬನಿಗೆ ಮುತ್ತಜ್ಜಿ ಕಾಲದ್ದು ಎಂದು ಹೇಳಿ ಕೊಟ್ಟರು. ನಾನು ಮುಖ ನೋಡಿದೆ.

"ಎನ್ನಪ್ಪಾ ಆಸಾರಿ, ಯಾಕ್ ಹಂಗ್ ನೋಡ್ತಿಯಾ? ನೀನು ಸತ್ಯ ಹೇಳಿದ್ದು ನಂಗೆ. ನಾನ್ ಅವನಿಗೆ ಯಾಕ್ ಹೇಳ್ಬೇಕು?"

ನನ್ನ ವಿದ್ಯೆಗೆ ಅಂಗಡಿಯಲ್ಲಿದ್ದ ಬೆಲೆ ಅಷ್ಟೇ. ಎಂಬತ್ತರ ಹೊತ್ತಿಗೆ ಬೆಳ್ಳಿಯ ಬೆಲೆ ಏಕಾಏಕಿ ಏರಿತು. ಹೊಸೂರಿನ ಸುತ್ತ ಫ್ಯಾಕ್ಟರಿಗಳು ಎದ್ದವು. ಆ ಭಾರದ ಕಡಗ ಹಾಕಿಕೊಂಡು ಬಸ್ಸು ಹತ್ತಲು ಹೆಂಗಸರಿಗೆ ನಾಚಿಕೆಯಾಯಿತು. ಕಡಗ ಕೊಟ್ಟು ಕೊಲುಸು ಎನ್ನುವ ತೆಳ್ಳನೆಯ ಕಾಲುಚೈನು ಒಯ್ಯುತ್ತಿದ್ದರು. ಬೆಳಿಗ್ಗೆಯೆಲ್ಲ ನಾನು ಇದು ಬಾಗಲೂರಿನ ಕೈ, ಇದು ಕೋಲಾರ ಸೀಮೆಯದು, ಇದು ಎಂಬತ್ತು ವರ್ಷದ್ದು ಎಂದು ಗುರುತು ಹಿಡಿಯುವುದು, ಮಧ್ಯಾಹ್ನ ಎಲ್ಲವನ್ನೂ ಒಂದೇ ಮೂಸೆಗೆ ಹಾಕಿ ಕರಗಿಸುವುದು. ಹೆಸರು ಕೂಗಿ ಕೂಗಿ ಚಿತೆಗೆ ಹಾಕಿದ ಹಾಗೆ. ಮಾವ ಮಾಡಿದ ಒಡವೆ ಎಷ್ಟು ನನ್ನ ಕೈಯಲ್ಲೇ ಕರಗಿತೋ ಲೆಕ್ಕ ಇಟ್ಟಿಲ್ಲ. ಅದನ್ನು ನೋಡುವ ಮುಂಚೆ ಮಾವ ತೀರಿಕೊಂಡ, ಪುಣ್ಯವಂತ.

ಈಗ ಮಾದಮ್ಮನ ಕಡಗದ ವಿಷಯ.

ಡೆಂಕಣಿಕೋಟೆಯಿಂದ ಆಚೆ ಕಾಡಂಚಿನ ಒಂದು ಹಳ್ಳಿಯಿಂದ ಗೌಡರು ಹೇಳಿಕಳಿಸಿದ್ದರು. ಒಂದು ಜೊತೆ ಕಡಗದ ಬಗ್ಗೆ ನ್ಯಾಯ ಸೇರಿದೆ, ಯಾರ ಮನೆಯದು ಎಂದು ನೋಡಿ ಹೇಳುವವರು ಬೇಕು ಎಂದು. ಮುದಲಾಳಿ ಒಂದೇ ಮಾತಿಗೆ ಕಳಿಸಿದರು. "ಹೋಗ್ ಬಾ ಆಸಾರಿ. ನ್ಯಾಯ ಮುಗುದ್ ಮ್ಯಾಲೆ ಮಾರ್ತಾರಾ ಅಂತ ಮೆಲ್ಲಗೆ ಕೇಳ್ಕಂಡ್ ಬಾ."

ಮಾದಮ್ಮ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಆ ಹಳ್ಳಿಯ ತಿಮ್ಮರಾಯಿ ಎಂಬವನು ಅವಳನ್ನು ಸೀರುಡಿಕೆ ಮಾಡಿಕೊಂಡಿದ್ದ. ಸೀರುಡಿಕೆಗೆ ಚಪ್ಪರವಿಲ್ಲ, ಪುರೋಹಿತನಿಲ್ಲ, ಊಟ ಹಾಕಿಸುವುದಿಲ್ಲ. ಮನೆಯವರ ಮುಂದೆ ಗಂಡು ಸೀರೆ ಕೊಡುತ್ತಾನೆ, ಹೆಣ್ಣು ಉಡುತ್ತಾಳೆ, ಮುಗಿಯಿತು. ಆದರೆ ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಕಿರಿಸೊಸೆಯಾಗಿ ಬಂದವಳ ಕಾಲಿಗೆ ಅತ್ತೆ ತನ್ನ ಕಾಲಿನ ಮನೆತನದ ಕಡಗ ಬಿಚ್ಚಿಸಿ ಹಾಕಿಸಬೇಕು. ಮೂರು ವರ್ಷದ ಮೇಲೆ ತಿಮ್ಮರಾಯಿ ಕಾಮಾಲೆಯಾಗಿ ಸತ್ತ. ಹದಿನೈದು ದಿನಕ್ಕೇ ಅವನ ಅಣ್ಣ ಮುನಿಯಪ್ಪ ಅವಳನ್ನೂ ಅವಳ ಕೂಸನ್ನೂ ಹೊರಗೆ ಹಾಕಿದ. ಇವಳು ತೋಟದ ಆಳು, ಸೀರುಡಿಕೆ ಆಗಲೇ ಇಲ್ಲ, ಕಾಲಲ್ಲಿರುವ ಕಡಗ ಇವಳ ಮೊದಲ ಗಂಡನ ಮನೆಯದು ಎಂದ. ಕೊಟ್ಟ ಸೀರೆ ಹರಿದು ಹೋಗಿತ್ತು. ಅವಳು ಆ ಮನೆಯ ಸೊಸೆ ಎಂದು ಹೇಳಲು ಉಳಿದದ್ದು ಕಡಗ ಒಂದೇ.

ಹಾಲಿನ ಸೊಸೈಟಿಯ ಜಗಲಿಯ ಮೇಲೆ ಊರು ಸೇರಿತ್ತು. ಗೌಡರು ಒಂದು ಟವಲಿನ ಗಂಟನ್ನು ನನ್ನ ಮುಂದೆ ತಳ್ಳಿದರು. ಬಿಚ್ಚಿ ನೋಡಿದೆ. ಒಂದು ಕಡಗದ ಬಾಯನ್ನು ಹಿಗ್ಗಾಮುಗ್ಗಾ ಎಳೆದು ಅಗಲ ಮಾಡಿದ್ದರು. ಇನ್ನೊಂದು ಬೆನ್ನಿನ ಹತ್ತಿರ, ಬಾಯಿಯ ಎದುರು ಮಗ್ಗುಲಲ್ಲಿ, ಬಿರುಕು ಬಿಟ್ಟಿತ್ತು. ಎರಡರ ಮೇಲೂ ಕಬ್ಬಿಣದ ಇಕ್ಕಳದ ಹಲ್ಲು ಕಚ್ಚಿದ ಗುರುತು.

"ಇದೇನ್ ಗೌಡ್ರೇ ಹಿಂಗ್ ಮಾಡ್ಸಿದ್ದೀರಿ?"

"ನೆನ್ನೇನೇ ಕುಲುಮೆಯವನ್ನ ಕರ್ಸಿ ಬಿಚ್ಚಿಸಿ ಇಟ್ವಿ ಆಚಾರ್ರೇ. ನೀವು ಬಂದು ಊರ್ ಮುಂದೆ ಹೆಣ್ಮಗಳ ಕಾಲು ಹಿಡ್ಕಂಡು ಕೂತ್ಕಳೋದು ಚೆಂದಾಗಿರಕ್ಕಿಲ್ಲ ನೋಡಿ. ನಿಮ್ಮ ಮರ್ಯಾದೆಗೇ ಅಂತ ಮಾಡಿದ್ದು."

ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ಅದಕ್ಕೇ ಇವತ್ತಿಗೂ ಸಂಕಟ.

ಆ ಥರದ ಕಡಗಕ್ಕೆ ತಿರುಪು ಇಲ್ಲ, ಕೊಂಡಿ ಇಲ್ಲ. ಗಟ್ಟಿ ಬೆಳ್ಳಿ. ಆಚಾರಿ ಮನೆಗೆ ಬಂದು, ಬೆನ್ನನ್ನು ಕಾಸಿ ಬಾಯಿ ಅಗಲ ಮಾಡಿ, ಆರಿದ ಮೇಲೆ ಹುಡುಗಿಯ ಕಾಲಿಗೆ ತೊಡಿಸಿ, ಮೇಲೆ ಬಟ್ಟೆ ಸುತ್ತಿ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಮುಚ್ಚುತ್ತಾನೆ. ಯಾವ ಹೆಂಗಸೂ ತಾನೇ ಹಾಕಿಕೊಳ್ಳಲಾರಳು. ಮುಚ್ಚಿದ ಕೈ ಯಾರದು ಎಂಬುದು ಬೆನ್ನಿನ ಒಳಗಡೆಯ ಸಣ್ಣ ಸುಕ್ಕಿನಲ್ಲಿ ನಿಲ್ಲುತ್ತದೆ. ಅವಳ ಕಾಲಲ್ಲೇ ಇದ್ದಿದ್ದರೆ ಅದನ್ನು ನಾನು ಓದುತ್ತಿದ್ದೆ. ಈಗ ಅಲ್ಲಿ ಇದ್ದದ್ದು ಇಕ್ಕಳದ ಹಲ್ಲು.

ಮಾದಮ್ಮ ಕಂಬದ ಪಕ್ಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಚೆನ್ನಾಗಿ ನೋಡಣ್ಣ" ಎಂದಳು. "ಅದು ಈ ಮನೇದೇ. ನೀನು ಅಷ್ಟು ಹೇಳ್ಬುಡು, ಸಾಕು."

"ನೋಡ್ಲಿ ನೋಡ್ಲಿ" ಎಂದ ಮುನಿಯಪ್ಪ. "ನಮ್ಮನೆ ಕಡಗ ಇವಳ ಕಾಲಿಗೆ ಯಾಕ್ ಬತ್ತದೆ?"

ಭೂತಗನ್ನಡಿ ತೆಗೆದೆ. ನೋಡುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಡಿದು ಎಬ್ಬಿಸಿದ ಮೊಗ್ಗು, ಅದರ ಎಸಳು ಸವೆದು ಮಟ್ಟಸವಾಗಿತ್ತು. ಒಳಮಗ್ಗುಲು ಎರಡು ತಲೆಮಾರು ನಡೆದು ಸವೆದದ್ದು. ಬಲಗಾಲಿನದರ ಒಳಗಡೆ ಹುರುಳಿ ಕಾಳಿನಷ್ಟು ಒಂದು ಗಂಟು. ಹಿಂದೊಮ್ಮೆ ಬಿರಿದಿದ್ದಾಗ ಹೊರಗಿನ ಹೂವು ಕೆಡಬಾರದೆಂದು ಒಳಗಿನಿಂದ ಕೊಟ್ಟ ಬೆಸುಗೆ. ನನ್ನ ಮಾವನದು. ಆ ಬೆಸುಗೆಯನ್ನು ಅವನು ಹಾಕುವಾಗ ಕೊಳವೆ ಊದಿದವನು ನಾನೇ. ಸಾಕಮ್ಮನ ಮನೆಯದು, ಜೋಪಾನ ಎಂದು ಮಾವ ಹೇಳಿದ್ದೂ ನೆನಪಿತ್ತು. ಸಾಕಮ್ಮ ಎಂದರೆ ತಿಮ್ಮರಾಯಿಯ ತಾಯಿ. ಅವಳೂ ಅಲ್ಲೇ ಜಗಲಿಯ ಅಂಚಿನಲ್ಲಿ ಕೂತಿದ್ದಳು.

"ಇದು ಕೆಲಮಂಗಲದ ಕೈ" ಎಂದೆ. "ತುಂಬಾ ಹಳೇದು. ಇದಕ್ಕೆ ಬೆಸುಗೆ ಹಾಕಿದ್ದು ನಮ್ಮ ಮಾವ. ಇದು ಸಾಕಮ್ಮನೋರ ಮನೇದೇ. ಯಾರ್ ಬಂದು ಕೇಳಿದ್ರೂ ನಾನು ಇದನ್ನೇ ಹೇಳ್ತೀನಿ."

ಜನ ಗುಜುಗುಜು ಎಂದರು. ಮಾದಮ್ಮ ಕೂಸಿನ ತಲೆ ಸವರಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುನಿಯಪ್ಪ ಎದ್ದು ನಿಂತ. "ಕೇಳುದ್ರಲ್ಲ ಗೌಡ್ರೇ? ನಮ್ಮನೇದಂತೆ. ನನ್ ತಮ್ಮ ಕಾಮಾಲೆ ಬಂದು ಮಲಗಿದ್ದಾಗ ಇವಳು ಪೆಟ್ಟಿಗೆಯಿಂದ ಎತ್ಕಂಡವಳೆ. ನಂಗೆ ಈಗ ಗೊತ್ತಾಯ್ತು. ಕಳ್ಳಿ."

"ಇಷ್ಟೊತ್ತು ನಮ್ದಲ್ಲ ಅಂದ್ಯಲ್ಲೋ!" ಎಂದು ಯಾರೋ ಕೂಗಿದರು.

"ಒಡವೆ ಗುರ್ತು ಹಿಡಿಯಕ್ಕೆ ನಾನೇನ್ ಆಚಾರೀನಾ? ಬಲ್ಲೋರು ಹೇಳುದ್ರು, ಒಪ್ಕಂಡೆ."

ನನ್ನ ಮಾತನ್ನೇ ಕಿತ್ತುಕೊಂಡು ಅವಳ ಕತ್ತಿಗೆ ಇಟ್ಟ. ನಾನು ಹೇಳಿದ್ದು ಅಕ್ಷರಶಃ ನಿಜ. ಬೆಳ್ಳಿ ತನ್ನನ್ನು ಮಾಡಿದವರ ಹೆಸರು ಹೇಳುತ್ತದೆ, ಕೊಟ್ಟವರ ಹೆಸರು ಹೇಳುವುದಿಲ್ಲ.

"ಕದ್ದೋಳ ಕಾಲಿಗೆ ಬಡಿದು ಹಾಕಿಕೊಟ್ಟೋರು ಯಾರಪ್ಪ?" ಎಂದೆ.

"ಹೊಸೂರಾಗೆ ನಿಮ್ಮಂಥೋರು ಬೇಕಾದಷ್ಟು ಜನ ಅವ್ರೆ."

"ನಿಮ್ಮ ಮಾವನೇ ಹಾಕಿದ್ದು ಕಣಣ್ಣಾ" ಎಂದಳು ಮಾದಮ್ಮ. ಸಾಕ್ಷಿ ಹೇಳಲು ಮಾವ ಉಳಿದಿರಲಿಲ್ಲ; ಅವಳು ಅತ್ತೆಯ ಕಡೆ ತಿರುಗಿದಳು. "ಅತ್ತೆ, ನನ್ ಕಾಲ್ನ ನಿನ್ ತೊಡೆ ಮ್ಯಾಲೆ ಇಟ್ಕಂಡಿದ್ದೆ ನೀನು. ಆಚಾರಪ್ಪ ಬಡೀವಾಗ ನೋಯ್ತದಾ ಮಗ ಅಂತ ಕೇಳುದ್ದೆ. ಹೇಳತ್ತೆ."

ಸಾಕಮ್ಮ ಒಬ್ಬನೇ ಉಳಿದ ಮಗನ ಮುಖ ನೋಡಿದಳು. ಅನ್ನ ಹಾಕಬೇಕಾದವನು ಅವನು. ಮಾದಮ್ಮನಿಂದ ಮುಖ ತಿರುಗಿಸಿದಳು.

ಆಗ ನನ್ನ ಕಣ್ಣು ಮಾದಮ್ಮನ ಕಾಲಿನ ಮೇಲೆ ಬಿತ್ತು. ಬಲಗಾಲಿನ ಹರಡಿನ ಮೇಲೆ ಕಡಗ ಕೂತ ಜಾಗದಲ್ಲಿ ಒಂದು ಕಪ್ಪು ಕಲೆ, ಹುರುಳಿ ಕಾಳಿನಷ್ಟು, ತೊಗಲು ದಪ್ಪ ಕಟ್ಟಿತ್ತು. ಒಳಗಿನ ಗಂಟು ಉಜ್ಜಿ ಉಜ್ಜಿ ಆದದ್ದು. ಅಂಥ ಕಲೆ ಒಂದು ತಿಂಗಳಿಗೆ ಬೀಳುವುದಿಲ್ಲ. ವರ್ಷಗಟ್ಟಲೆ ಹಾಕಿಕೊಂಡು ಗದ್ದೆ ಹೊಲ ತುಳಿದಿರಬೇಕು.

"ಗೌಡ್ರೇ, ಸಾಕ್ಷಿ ಇಲ್ಲೈತೆ" ಎಂದೆ. "ಆ ಕಲೆ ನೋಡಿ. ಈ ಗಂಟು ನೋಡಿ. ಕಾಮಾಲೆ ಬಂದು ಎಷ್ಟ್ ದಿನ ಆಯ್ತು? ಈ ಕಲೆ ಅದಕ್ಕಿಂತ ಹಳೇದು. ಇದೇ ಕಡಗ ಹಾಕಿದ್ದ ಸಾಕಮ್ಮನೋರ ಕಾಲಲ್ಲೂ ಇದೇ ಜಾಗದಲ್ಲಿ ಇದೇ ಕಲೆ ಇರ್ಬೇಕು. ಎರಡೂ ಪಕ್ಕ ಇಟ್ಟು ನೋಡಿ."

ಸಾಕಮ್ಮ ಸೀರೆಯ ಅಂಚನ್ನು ಎಳೆದು ಎರಡು ಪಾದಗಳನ್ನೂ ಮುಚ್ಚಿಕೊಂಡಳು. ಮುಚ್ಚುವ ಮುಂಚೆ ನಾನು ಕಂಡೆ. ಅರ್ಧ ಆಯುಷ್ಯ ಉಜ್ಜಿ ಬಿದ್ದ ಕಲೆ, ಕಡಗ ಬಿಚ್ಚಿ ಮೂರು ವರ್ಷವಾದರೂ ಅಲ್ಲಿತ್ತು.

ಮುನಿಯಪ್ಪ ಮೈಮೇಲೆ ಬಂದ. "ನಮ್ಮವ್ವನ ಕಾಲು ಊರ್ ಮುಂದೆ ತೋರಿಸ್ಬೇಕೇನ್ಲಾ? ಏನಂದ್ಕಂಡಿದ್ದೀಯ ನೀನು?"

ಒಂದಿಬ್ಬರು ಅವನನ್ನು ಹಿಡಿದುಕೊಂಡರು. ಗೌಡರ ಮುಖವೂ ಬಿಗಿಯಾಯಿತು. "ಆಚಾರ್ರೇ, ನಿಮ್ಮನ್ನ ಕರ್ದಿದ್ದು ಬೆಳ್ಳಿ ನೋಡಕ್ಕೆ. ಹೆಂಗಸರ ಕಾಲು ನೋಡಕ್ಕಲ್ಲ. ನಿಮ್ಮ ಕೆಲಸ ಆಯ್ತು."

ತೀರ್ಪಾಯಿತು. ಕಡಗ ಮನೆಯದೆಂದು ಬಲ್ಲವರು ಹೇಳಿದ್ದರಿಂದ ಮನೆಯಲ್ಲೇ ಇರತಕ್ಕದ್ದು. ಹೆಂಗಸು ಬೇಕಾದರೆ ಕೋರ್ಟಿಗೆ ಹೋಗಲಿ. ಮಾದಮ್ಮ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದಳು. ಇಷ್ಟು ವರ್ಷ ಭಾರ ಹೊತ್ತ ಕಾಲು ಈಗ ಬರಿದಾಗಿ, ಜಗಲಿ ಇಳಿಯುವಾಗ ಎಡವಿತು.

ಒಂದು ತಿಂಗಳೂ ಆಗಿರಲಿಲ್ಲ. ಮುನಿಯಪ್ಪ ಅದೇ ಟವಲಿನ ಗಂಟು ಹಿಡಿದು ನಮ್ಮ ಅಂಗಡಿಗೇ ಬಂದ. ಮುದಲಾಳಿ ತೂಗಿ ತೆಗೆದುಕೊಂಡು ನನ್ನ ಮುಂದೆ ಇಟ್ಟರು.

"ಇದೊಂದನ್ನ ಇಡಿ ಸಾಮಿ" ಎಂದೆ. "ಆ ಹೆಣ್ಮಗು ಕೋರ್ಟಿಗೆ ಹೋದ್ರೆ ಬೇಕಾಗುತ್ತೆ. ನನ್ ಕೂಲೀಲಿ ಹಿಡ್ಕಳಿ."

"ಬೆಲೆ ನಾಳೆ ಇಳಿದ್ರೆ ನಿನ್ ಕೂಲಿ ಸಾಕಾಗುತ್ತಾ? ಇದು ಅಂಗಡೀಪ್ಪಾ, ಮ್ಯೂಸಿಯಂ ಅಲ್ಲ. ಹಾಕು ಮೂಸೆಗೆ."

ಅವರು ನಿಂತು ನೋಡುತ್ತಿದ್ದರು. ಹಾಕಿದೆ. ಗಟ್ಟಿ ಬೆಳ್ಳಿಗಿಂತ ಬೆಸುಗೆ ಬೇಗ ಕರಗುತ್ತದೆ. ಮೊದಲು ಹರಿದದ್ದು ಮಾವನ ಗಂಟು.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಒಂದೇ. ಒಡವೆ ಮೈಮೇಲೆ ಇದ್ದರೆ ಮೈಮೇಲೆ ಇರುವಾಗಲೇ ನೋಡಿ. ಬಿಚ್ಚಬೇಡಿ, ಬಿಚ್ಚಲು ಬಿಡಬೇಡಿ, ಮರ್ಯಾದೆ ಎನ್ನುವವರ ಮಾತು ಕೇಳಬೇಡಿ. ಬೆಳ್ಳಿಯ ಅರ್ಧ ಕಥೆ ತೊಗಲಿನ ಮೇಲೆ ಇರುತ್ತದೆ. ಆದರೆ ಇದನ್ನು ಹೇಳುವಾಗಲೂ ನನಗೆ ನಂಬಿಕೆಯಿಲ್ಲ. ಅವತ್ತು ನಾನು ತೋರಿಸಿದ್ದೆನಲ್ಲ. ಕಂಡವರಿಗೂ ಕಾಣಲಿಲ್ಲ.

ಮಾರನೆಯ ವರ್ಷ ಮಳೆಗಾಲ ಕಳೆದ ಮೇಲೆ ಮಾದಮ್ಮ ಅಂಗಡಿಗೆ ಬಂದಳು. ಕೃಷ್ಣಗಿರಿ ಕೋರ್ಟಿನಲ್ಲಿ ಹೇಗೋ ಒಬ್ಬ ವಕೀಲರನ್ನು ಹಿಡಿದಿದ್ದಳು. ಕಡಗ ಇಲ್ಲದಿದ್ದರೂ ಕಲೆ ಇದ್ದರೆ ತೋರಿಸಬಹುದು, ಅತ್ತೆಯ ಕಾಲನ್ನೂ ನೋಡಿ ಎಂದು ಕೋರ್ಟನ್ನು ಕೇಳಬಹುದು, ಆಚಾರಿಯನ್ನು ಕಂಡು ಬಾ ಎಂದು ಅವರು ಹೇಳಿದ್ದರಂತೆ. ಮುದಲಾಳಿ ಊಟಕ್ಕೆ ಹೋಗಿದ್ದರು. ಅವಳು ಚಪ್ಪಲಿ ಬಿಟ್ಟು ಬಂದು ನಾನು ಕೆಲಸ ಮಾಡುವ ಮರದ ದಿಮ್ಮಿಯ ಮೇಲೆ ಬಲಗಾಲು ಇಟ್ಟಳು.

"ಐತಾ ನೋಡಣ್ಣ. ನಂಗೆ ಒಂದೊಂದ್ ಕಿತ ಕಾಣ್ತದೆ, ಒಂದೊಂದ್ ಕಿತ ಕಾಣಕ್ಕಿಲ್ಲ."

ಬಾಗಿಲ ಬೆಳಕಿಗೆ ಅವಳ ಕಾಲು ತಿರುಗಿಸಿ, ಭೂತಗನ್ನಡಿ ಹಿಡಿದು ನೋಡಿದೆ. ಗಾಜು ಒರೆಸಿ ಮತ್ತೆ ನೋಡಿದೆ. ದಪ್ಪ ಕಟ್ಟಿದ್ದ ತೊಗಲು ಮೆತ್ತಗಾಗಿತ್ತು. ಕಪ್ಪು ಇದ್ದ ಜಾಗ ಸುತ್ತಲಿನ ಬಣ್ಣಕ್ಕೆ ಸೇರಿಹೋಗಿತ್ತು. ಇಲ್ಲದ್ದನ್ನು ಇದೆ ಎಂದು ನಾನು ಯಾವ ಒಡವೆಗೂ ಹೇಳಿದವನಲ್ಲ. ಅವಳಿಗೂ ಹೇಳಲಾಗಲಿಲ್ಲ.

"ಮಾಸಿದೆ ಕಣಮ್ಮ" ಎಂದೆ.

ಅವಳು ಕಾಲನ್ನು ದಿಮ್ಮಿಯ ಮೇಲಿಂದ ತೆಗೆಯಲಿಲ್ಲ. ಬಾಗಿ ತನ್ನ ಹರಡನ್ನೇ ನೋಡುತ್ತಾ ನಿಂತಳು.

"ಈ ಕಾಲ್ನ ನಾನು ನೀರ್ ಹುಯ್ಕಳ್ವಾಗ್ಲೂ ಕಲ್ಲಿಗೆ ಉಜ್ಜೇ ಇಲ್ಲ ಕಣಣ್ಣಾ" ಎಂದಳು. "ಕಡಗ ಬಿಚ್ಚಿದ್ ದಿನದಿಂದ ಒಂದು ಕಿತಾನೂ ಉಜ್ಜಿಲ್ಲ."